ಉಪ್ಪಿನಕಾಯಿ ಅದೇ, ಲೇಬಲ್ ನೋಡಿದರೆ ಕೊಳ್ಳುವ ಮನಸ್ಸಾಗುವುದಿಲ್ಲ: ಅಂಗಡಿಯವರಿಗೆ ಹೇಗೆ ಹೇಳುವುದು?

ವರದಾತೀರ:
ಸಾಗರದಿಂದ ಶಿರಸಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆಯವರು ಬಹಳ ಕಾಲದಿಂದ ಉಪ್ಪಿನಕಾಯಿ ಕೊಳ್ಳುವ ಅಂಗಡಿಯೊಂದಿದೆ. ಹೆಸರು ಹೇಳುವುದಿಲ್ಲ, ದಯವಿಟ್ಟು ಊಹಿಸಲೂ ಹೋಗಬೇಡಿ. ವಯಸ್ಸಾದ ದಂಪತಿ ನಡೆಸುತ್ತಾರೆ. ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಾದ ಅಪ್ಪೆಮಿಡಿ, ಜೀರಿಗೆ ಮಿಡಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಮುರುಗಲು ಸಿಪ್ಪೆ, ಕೆಲವೊಮ್ಮೆ ತೊಡೆದೇವು. ಮೊದಲು ಬಾಗಿಲ ಮೇಲೆ ಮರದ ಹಲಗೆಯಲ್ಲಿ ಹಸಿರು ಬಣ್ಣದ ಕೈಬರಹದ ಹೆಸರಿತ್ತು. ಗಾಜಿನ ಬಾಟಲಿಗೆ ಬಿಳಿ ಚೀಟಿ ಅಂಟಿಸಿ, ಅದರ ಮೇಲೆ ಯಾವ ಮರದ ಮಿಡಿ, ಯಾವ ತಿಂಗಳು ಉಪ್ಪಿಗೆ ಹಾಕಿದ್ದು ಎಂದು ಆ ಅಮ್ಮನೇ ಬರೆಯುತ್ತಿದ್ದರು.

ಕಳೆದ ತಿಂಗಳು ಹೋದರೆ ಅಂಗಡಿಯನ್ನು ದಾಟಿ ಮುಂದೆ ಹೋಗಿಬಿಟ್ಟೆವು. ಹಲಗೆಯ ಜಾಗದಲ್ಲಿ ಹಳದಿಯಿಂದ ಕೆಂಪಿಗೆ ತಿರುಗುವ ದೊಡ್ಡ ಫ್ಲೆಕ್ಸ್. ಒಂದು ಮೂಲೆಯಲ್ಲಿ ಯಜಮಾನರ ಫೋಟೊ, ಇನ್ನೊಂದು ಮೂಲೆಯಲ್ಲಿ ಜಲಪಾತ, ನಡುವೆ ಹಣ್ಣಾದ ಮಾವು. ಬಾಟಲಿಯೂ ಬದಲಾಗಿದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಹೊಳೆಯುವ ಲೇಬಲ್. ಲೇಬಲ್ ಮೇಲೆ ಎಣ್ಣೆಯಲ್ಲಿ ತೇಲುವ ಮಾವಿನ ಹೋಳುಗಳ ಚಿತ್ರ. ಒಳಗಿರುವುದು ಎಣ್ಣೆ ಸೋಕದ ಇಡೀ ಮಿಡಿ!

ರುಚಿ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೆ ಮೈಸೂರಿನ ನೆಂಟರಿಗೆ ಕೊಟ್ಟಾಗ ಅವರು ಡಬ್ಬಿ ನೋಡಿ, 'ಇದು ಇಲ್ಲಿಯೂ ಸಿಗುತ್ತದಲ್ಲ' ಎಂದರು. ಇದನ್ನು ಆ ಹಿರಿಯರಿಗೆ ನೋವಾಗದಂತೆ ಹೇಳುವುದು ಹೇಗೆ? ಅಥವಾ ಹೇಳಲೇಬಾರದೇ?

ಹಳೇಪೇಟೆ:
ಹೇಳಬಾರದು. ಅವರ ಅಂಗಡಿ, ಅವರ ದುಡ್ಡು. ನಾಲಿಗೆಗೆ ರುಚಿಯಾದರೆ ಸಾಲದೇ? ಡಬ್ಬಿಯನ್ನು ಯಾರೂ ತಿನ್ನುವುದಿಲ್ಲ.

ಅಕ್ಷರಮೋಹಿ:
ಡಬ್ಬಿಯನ್ನು ತಿನ್ನುವುದಿಲ್ಲ, ಸರಿ. ಆದರೆ ಮೊದಲ ಸಲ ಬರುವವನಿಗೆ ರುಚಿ ನೋಡುವ ಮೊದಲು ಕಾಣಿಸುವುದು ಡಬ್ಬಿಯೇ. ಮೂಲ ಬರಹದಲ್ಲಿರುವ ದೂರು ಅಂದಚಂದದ್ದಲ್ಲ ಎಂದು ನನಗನಿಸುತ್ತದೆ. ಒಳಗಿರುವ ಪದಾರ್ಥ ಒಂದು, ಹೊರಗೆ ತೋರಿಸಿದ ಪದಾರ್ಥ ಇನ್ನೊಂದು. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಘನಾಶಿನಿ, ಶರಾವತಿ, ವರದಾ ಹೊಳೆಗಳ ದಂಡೆಯ ಮರಗಳ ಮಿಡಿ ಎಂಬುದೇ ಅದರ ಬೆಲೆ. ಅದರ ಮೇಲೆ ಎಲ್ಲಿಂದಲೋ ಇಳಿಸಿಕೊಂಡ ಎಣ್ಣೆಹೋಳಿನ ಚಿತ್ರ ಅಂಟಿಸಿದರೆ, ಇಲ್ಲಿ ಮಾತ್ರ ಸಿಗುವುದನ್ನು ಎಲ್ಲೆಲ್ಲೂ ಸಿಗುವುದರ ಸಾಲಿಗೆ ನಾವೇ ಇಳಿಸಿದಂತೆ.

ಬಯಲುಸೀಮೆ:
ಚಿತ್ರದಲ್ಲಿ ಎಣ್ಣೆ ಇದೆ, ಡಬ್ಬಿಯಲ್ಲಿ ಎಣ್ಣೆ ಇಲ್ಲ. ನಾನು ಗಿರಾಕಿಯಾಗಿದ್ದರೆ ಮೋಸ ಎಂದೇ ತಿಳಿಯುತ್ತಿದ್ದೆ.

ವರದಾತೀರ:
@ಬಯಲುಸೀಮೆ, ಹಾಗೆಯೇ ಆಗಿದೆ. ನಾನು ಅಲ್ಲಿ ನಿಂತಿದ್ದಾಗಲೇ ಪ್ರವಾಸಿಯೊಬ್ಬರು ಡಬ್ಬಿಯ ಮುಚ್ಚಳ ತೆರೆಸಿ, 'ಎಣ್ಣೆ ಹಾಕುವುದನ್ನು ಮರೆತಿದ್ದೀರಾ?' ಎಂದು ಕೇಳಿದರು. ಆ ಅಮ್ಮ ಪಾಪ ಉಪ್ಪುನೀರಿನ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು.

ಉಪ್ಪುಖಾರ:
ನಮ್ಮ ಕಡೆ ಸ್ವಲ್ಪ ಎಣ್ಣೆಯ ಒಗ್ಗರಣೆ ಹಾಕುತ್ತಾರೆ. ತಪ್ಪೇನಿದೆ?

ಹೆಬ್ಬಲಸು:
ತಪ್ಪೇ! ಅಪ್ಪೆಮಿಡಿಯ ಪರಿಮಳ ಇರುವುದು ಅದರ ಸೊನೆಯಲ್ಲಿ. ತೊಟ್ಟು ಮುರಿಯದಂತೆ ಕೊಯ್ದು, ಉಪ್ಪಿನಲ್ಲಿ ಹಾಕಿ, ಮಿಡಿ ಸುಕ್ಕುಗಟ್ಟಿದ ಮೇಲೆ ಸಾಸಿವೆ ಮತ್ತು ಮೆಣಸಿನ ಖಾರ ಬೆರೆಸುವುದು. ಉಪ್ಪು ಸರಿಯಾಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಎಣ್ಣೆ ಸುರಿದರೆ ಆ ಪರಿಮಳ ಮುಚ್ಚಿಹೋಗುತ್ತದೆ.

ಉಪ್ಪುಖಾರ:
ಇಂಗು ಹಾಕುವವರಿಗೆ ಏನು ಹೇಳುತ್ತೀರಿ?

ಹೆಬ್ಬಲಸು:
ಅವರಿಗೆ ಏನೂ ಹೇಳುವುದಿಲ್ಲ. ಅವರ ಮನೆಯಲ್ಲಿ ಊಟ ಮಾಡುವುದಿಲ್ಲ, ಅಷ್ಟೇ.

ನಿರ್ವಾಹಕ:
ಪಾಕಶಾಸ್ತ್ರಕ್ಕೆ ಬೇರೆ ಎಳೆ ಇದೆ. ವಿಷಯಕ್ಕೆ ಬನ್ನಿ.

ಮುದ್ರಕ:
ಇಂಥ ಫ್ಲೆಕ್ಸ್ ಮುದ್ರಿಸಿಕೊಟ್ಟೇ ಅನ್ನ ತಿನ್ನುವವನು ನಾನು. ಆದ್ದರಿಂದ ಎಲ್ಲರೂ ನನ್ನನ್ನೇ ಬೈಯುವ ಮೊದಲು ಒಂದೆರಡು ಮಾತು ಹೇಳುತ್ತೇನೆ.

ನಾವು ದುಡ್ಡು ತೆಗೆದುಕೊಳ್ಳುವುದು ಚದರ ಅಡಿಯ ಲೆಕ್ಕದಲ್ಲಿ. ವಿನ್ಯಾಸ ಉಚಿತ. ಉಚಿತ ಎಂದ ಮೇಲೆ ಅದಕ್ಕೆ ಎಷ್ಟು ಹೊತ್ತು ಕೊಡಲಾದೀತು? ಕಂಪ್ಯೂಟರಿನಲ್ಲಿ ಮೊದಲೇ ಇರುವ ಮದುವೆಯ ಫ್ಲೆಕ್ಸ್ ತೆರೆದು, ವಧೂವರರನ್ನು ಅಳಿಸಿ, ಅಲ್ಲಿ ಮಾವು ಕೂರಿಸುತ್ತೇವೆ. ಗಿರಾಕಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಎಲ್ಲಾದರೂ ಸ್ವಲ್ಪ ಜಾಗ ಖಾಲಿ ಬಿಟ್ಟರೆ, 'ಅಲ್ಲಿ ಏನೂ ಇಲ್ಲವಲ್ಲ, ಏನಾದರೂ ಹಾಕಿ' ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಖಾಲಿ ಜಾಗ ಎಂದರೆ ಕೊಟ್ಟ ದುಡ್ಡಿಗೆ ಬಾರದ ಮಾಲು. ಅದಕ್ಕೇ ಜಲಪಾತ ಬರುತ್ತದೆ, ನವಿಲು ಬರುತ್ತದೆ, 'ಒಮ್ಮೆ ಭೇಟಿ ಕೊಡಿ' ಬರುತ್ತದೆ. ನಾನು ಬೇಡ ಎಂದರೆ ಎದುರಿನ ಅಂಗಡಿಯವನು ಬೇಕು ಎನ್ನುತ್ತಾನೆ.

ಅಕ್ಷರಮೋಹಿ:
ಇಷ್ಟು ನೇರವಾಗಿ ಬರೆದದ್ದಕ್ಕೆ ನಿಮಗೆ ನಮಸ್ಕಾರ. ಆದರೂ ಅಕ್ಷರವನ್ನು ಅಡ್ಡಡ್ಡ ಎಳೆಯುವುದೇಕೆ? ಹೆಸರು ಚಿಕ್ಕದಾಗಿದ್ದರೆ ರೊಟ್ಟಿಯಂತೆ ಅಗಲ ಮಾಡುತ್ತೀರಿ, ಉದ್ದವಾಗಿದ್ದರೆ ಹಿಂಡಿ ತೆಳ್ಳಗೆ ಮಾಡುತ್ತೀರಿ. ಕನ್ನಡದ ಗುಂಡು ಅಕ್ಷರ ಆ ಹಿಂಸೆಯನ್ನು ತಡೆಯುವುದಿಲ್ಲ. ಅದರ ಮೇಲೆ ಬಿಳಿ ಅಂಚು, ಅದಕ್ಕೊಂದು ಕಪ್ಪು ಅಂಚು, ಆಮೇಲೆ ನೆರಳು. ಅಷ್ಟೂ ಸೇರಿ ಅಕ್ಷರದ ಹೊಟ್ಟೆಯೊಳಗಿನ ಬಿಡುವು ಮುಚ್ಚಿಹೋಗುತ್ತದೆ. ದೂರದಿಂದ ನೋಡಿದರೆ 'ಪ' ಯಾವುದು, 'ಷ' ಯಾವುದು ಎಂದು ತಿಳಿಯುವುದಿಲ್ಲ.

ಮುದ್ರಕ:
ಅಡ್ಡ ಎಳೆಯುವುದು ನನ್ನ ತಪ್ಪು ಎನ್ನುವುದಾದರೆ ಎನ್ನಿ. ಇಪ್ಪತ್ತು ಅಡಿ ಉದ್ದದ ಬೋರ್ಡು ಬೇಕು ಎನ್ನುವವರಿಗೆ ನಾಲ್ಕಕ್ಷರದ ಹೆಸರಿದ್ದರೆ ನೀವು ಏನು ಮಾಡುತ್ತೀರಿ?

ಅಕ್ಷರಮೋಹಿ:
ಎರಡು ಕಡೆ ಜಾಗ ಬಿಡುತ್ತೇನೆ.

ಮುದ್ರಕ:
ಗಿರಾಕಿಯನ್ನೂ ಬಿಡಬೇಕಾಗುತ್ತದೆ.

ಜೋಗದ ದಾರಿ:
ಎಲ್ಲರೂ ಮರದ ಹಲಗೆಗೆ ಕಣ್ಣೀರು ಹಾಕುತ್ತಿದ್ದೀರಿ. ಆ ಹಲಗೆ ನಿಮಗೆ ಗೊತ್ತಿತ್ತು, ಏಕೆಂದರೆ ಅಂಗಡಿ ನಿಮಗೆ ಗೊತ್ತಿತ್ತು. ಜೋಗ ನೋಡಲು ಬೆಂಗಳೂರಿನಿಂದ ಕಾರಿನಲ್ಲಿ ಬರುವವನಿಗೆ ಆ ಮಾಸಿದ ಹಸಿರು ಕಾಣಿಸುತ್ತದೆಯೇ? ಈ ಭಾಗದ ರಸ್ತೆಬದಿಯ ಅಂಗಡಿಗಳೆಲ್ಲ ಬದುಕುವುದು ಪ್ರವಾಸಿಗಳಿಂದ. ಫ್ಲೆಕ್ಸ್ ಕೆಟ್ಟದಾಗಿರಬಹುದು, ಆದರೆ ಕಾರು ನಿಲ್ಲಿಸುವುದು ಅದೇ. ಊರಿನವರ ಹಳೆಯ ನೆನಪಿಗಾಗಿ ಆ ದಂಪತಿ ವ್ಯಾಪಾರ ಕಳೆದುಕೊಳ್ಳಬೇಕೇ?

ಲೆಕ್ಕಿಗ:
ಕಾರು ನಿಲ್ಲಿಸುತ್ತದೆ ಎಂಬ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 55 ಅಡಿ. ಒಂದು ಅಂಗುಲ ಎತ್ತರದ ಅಕ್ಷರವನ್ನು ಹತ್ತು ಅಡಿ ದೂರದಿಂದ ಸಲೀಸಾಗಿ ಓದಬಹುದು ಎಂಬುದು ಫಲಕ ಮಾಡುವವರು ಸಾಮಾನ್ಯವಾಗಿ ಬಳಸುವ ಅಂದಾಜು. ಹಾಗಾದರೆ 150 ಅಡಿ ದೂರದಿಂದ ಓದಿಸಬೇಕಾದರೆ ಅಕ್ಷರ 15 ಅಂಗುಲ ಇರಬೇಕು. ಆ 150 ಅಡಿಯನ್ನು ಕಾರು ಮೂರು ಸೆಕೆಂಡಿನೊಳಗೆ ದಾಟುತ್ತದೆ. ಆ ಅಂದಾಜು ಬಂದದ್ದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ. ಒತ್ತು, ದೀರ್ಘ, ಸುರುಳಿ ಎಲ್ಲ ಇರುವ ಕನ್ನಡಕ್ಕೆ ಇನ್ನೂ ಧಾರಾಳವಾಗಿಯೇ ಇರಬೇಕು.

ಮೂರು ಸೆಕೆಂಡಿನಲ್ಲಿ ಕಣ್ಣು ಹಿಡಿಯುವುದು ಮೂರು ನಾಲ್ಕು ಪದ. ಫ್ಲೆಕ್ಸಿನಲ್ಲಿ ಯಜಮಾನರ ಹೆಸರು, ಎರಡು ಮೊಬೈಲ್ ಸಂಖ್ಯೆ, ಸಿಗುವ ಪದಾರ್ಥಗಳ ಪೂರ್ತಿ ಪಟ್ಟಿ, ಜೊತೆಗೆ ಮೂರು ಚಿತ್ರ. ಡ್ರೈವರಿಗೆ ಕಾಣಿಸುವುದು ಹಳದಿ ಕೆಂಪು ಬಣ್ಣ ಮಾತ್ರ. ಆ ರಸ್ತೆಯಲ್ಲಿ ಹಳದಿ ಕೆಂಪು ಬಣ್ಣ ಇಲ್ಲದ ಅಂಗಡಿ ಯಾವುದಿದೆ ಹೇಳಿ. ಮೂಲ ಬರಹದವರೇ ಅಂಗಡಿ ದಾಟಿ ಹೋದರು ಎಂಬುದನ್ನು ಮರೆಯಬೇಡಿ, ಅವರೋ ಖಾಯಂ ಗಿರಾಕಿ. 'ಅಪ್ಪೆಮಿಡಿ' ಎಂದು ನಾಲ್ಕೇ ಅಕ್ಷರ ದೊಡ್ಡದಾಗಿ ಬರೆದು, ಪಕ್ಕದಲ್ಲೊಂದು ಮಿಡಿ ಬಿಡಿಸಿದ್ದರೆ ಹೆಚ್ಚು ಕಾರು ನಿಲ್ಲುತ್ತಿತ್ತು.

ಜೋಗದ ದಾರಿ:
ಲೆಕ್ಕ ಒಪ್ಪಿದೆ. ಹಲಗೆಯನ್ನು ಒಪ್ಪುವುದಿಲ್ಲ. ಹಲಗೆಯ ಮೇಲಿನ ಅಕ್ಷರ 15 ಅಂಗುಲ ಇತ್ತೇ?

ವರದಾತೀರ:
ಇರಲಿಲ್ಲ. ಗೇಣುದ್ದ ಇದ್ದಿರಬಹುದು. ಹಲಗೆಯನ್ನೇ ಇಟ್ಟುಕೊಳ್ಳಬೇಕಿತ್ತು ಎಂದು ನಾನೂ ಹೇಳುತ್ತಿಲ್ಲ.

ಕುಂಚದ ಮಗಳು:
ನಮ್ಮ ತಂದೆ ಹುಬ್ಬಳ್ಳಿಯಲ್ಲಿ ಬೋರ್ಡು ಬರೆಯುತ್ತಿದ್ದರು. ಸೀಮೆಸುಣ್ಣದಲ್ಲಿ ದಾರ ಅದ್ದಿ ಗೆರೆ ಹೊಡೆದು, ಮೊದಲು ಅಕ್ಷರದ ಮೈ, ಆಮೇಲೆ ತಲೆಕಟ್ಟು, ಕೊನೆಗೆ ಒತ್ತು. ಒತ್ತಿಗೆ ಎಷ್ಟು ಜಾಗ ಬೇಕು ಎಂದು ಮೊದಲೇ ಎಣಿಸಿಕೊಂಡು ಕೆಳಗೆ ಬಿಡುತ್ತಿದ್ದರು. ಎನಾಮೆಲ್ ಬಣ್ಣ ಒಣಗುವವರೆಗೂ ಅಂಗಡಿಯವರು ಕಾಯಬೇಕಿತ್ತು. ಹೀಗಾಗಿ ಯಾರೂ ನಲವತ್ತು ಪದ ಬರೆಸುತ್ತಿರಲಿಲ್ಲ. ಪ್ರತಿ ಅಕ್ಷರಕ್ಕೂ ಕೂಲಿ ಇದ್ದಾಗ ಮಾತು ತಾನಾಗಿಯೇ ಕಡಿಮೆಯಾಗುತ್ತದೆ.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನಲಾರೆ. ಕೆಟ್ಟ ಕೈಬರಹದ ಬೋರ್ಡುಗಳೂ ಬೇಕಾದಷ್ಟಿದ್ದವು. ತಂದೆಯವರು ಅವುಗಳನ್ನು ತೋರಿಸಿ ನಗುತ್ತಿದ್ದರು. ಅವರಿಗೆ ಕೆಲಸ ತಪ್ಪಿಸಿದ್ದು ಫ್ಲೆಕ್ಸೇ. ಒಂದು ದಿನದ ಕೆಲಸವನ್ನು ಅದು ಹತ್ತು ನಿಮಿಷದಲ್ಲಿ ಮುಗಿಸುತ್ತಿತ್ತು.

ಬಯಲುಸೀಮೆ:
ಫ್ಲೆಕ್ಸ್ ನಿಷೇಧ ಆಗಿತ್ತಲ್ಲವೇ?

ಹಳೇಪೇಟೆ:
2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ನಿಷೇಧವನ್ನು ಸ್ವಾಗತಿಸುವ ಫ್ಲೆಕ್ಸ್ ಯಾವ ಊರಿನಲ್ಲಾದರೂ ಹಾಕಿರಬೇಕು.

ಮುದ್ರಕ:
😀 ನಾನು ಹಾಕಿಲ್ಲ.

ತುಂಗಾ ಸೇತುವೆ:
ಇನ್ನೊಂದು ಸಂಗತಿ. ಬಿಸಿಲಿಗೆ ಬಿದ್ದ ಮುದ್ರಣದಲ್ಲಿ ಹಳದಿ ಮತ್ತು ಕೆಂಪು ಶಾಯಿ ಮೊದಲು ಹಾರಿಹೋಗುತ್ತದೆ, ನೀಲಿ ಉಳಿಯುತ್ತದೆ. ಎರಡು ಬೇಸಿಗೆ ಕಳೆಯಲಿ, ಆ ಮಾವು ನೀಲಿಯಾಗುತ್ತದೆ, ಯಜಮಾನರೂ ನೀಲಿಯಾಗುತ್ತಾರೆ. ನಮ್ಮೂರಿನ ಬೇಕರಿಯೊಂದರ ಹೊರಗೆ ನೀಲಿ ಕೇಕಿನ ಚಿತ್ರ ಇನ್ನೂ ತೂಗುತ್ತಿದೆ. ಅದನ್ನು ನೋಡಿ ಒಳಗೆ ಹೋಗುವ ಧೈರ್ಯ ಬೇಕು. ಒಳಗಿನ ಬೆಣ್ಣೆ ಬಿಸ್ಕತ್ತು ಮಾತ್ರ ಅಮೋಘ.

ಸ್ಟುಟ್‌ಗಾರ್ಟ್ ಕನ್ನಡಿಗ:
ಮೂಲ ಬರಹದ ನೆಂಟರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಊರಿನಿಂದ ಬರುವವರ ಬಳಿ ಏನಾದರೂ ತರಿಸಬೇಕೆಂದರೆ ನಾವು ಇಲ್ಲಿಂದ ಫೋಟೊ ನೋಡಿಯೇ ಹೇಳುವುದು. ಡಬ್ಬಿಯ ಮೇಲೆ ಎಣ್ಣೆಹೋಳಿನ ಚಿತ್ರ ಕಂಡರೆ ನಾನು ತರಿಸುವುದಿಲ್ಲ, ಏಕೆಂದರೆ ಆ ಥರದ್ದು ಇಲ್ಲಿನ ಭಾರತೀಯ ಅಂಗಡಿಯಲ್ಲಿ ಸಾಲಾಗಿ ಕೂತಿರುತ್ತದೆ. ಕೈಬರಹದ ಚೀಟಿಯಲ್ಲಿ 'ಅನಂತಭಟ್ಟನ ಅಪ್ಪೆ' ಎಂದು ತಳಿಯ ಹೆಸರು ಬರೆದಿದ್ದರೆ ಸೂಟ್‌ಕೇಸಿನಲ್ಲಿ ಎರಡು ಅಂಗಿ ಬಿಟ್ಟಾದರೂ ತರಿಸುತ್ತಿದ್ದೆ.

ಹೆಬ್ಬಲಸು:
ಅನಂತಭಟ್ಟನ ಅಪ್ಪೆಯ ಹೆಸರೆತ್ತಿ ಹೊಟ್ಟೆ ಉರಿಸಬೇಡಿ. ಈ ವರ್ಷ ನಮಗೆ ಸಿಕ್ಕಿಲ್ಲ.

ಪರವಾನಗಿ:
ಕೈಬರಹದ ಚೀಟಿಯ ಬಗ್ಗೆ ಎಲ್ಲರಿಗೂ ಮಮತೆ ಇರುವುದರಿಂದ ಒಂದು ಎಚ್ಚರಿಕೆ. ಮೊದಲೇ ತುಂಬಿಟ್ಟು ಮಾರುವ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ಹಸಿರು ಚೌಕದೊಳಗೆ ಹಸಿರು ಚುಕ್ಕಿಯ ಸಸ್ಯಾಹಾರಿ ಗುರುತು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಗರಿಷ್ಠ ಬೆಲೆ, ವಿಳಾಸ ಎಲ್ಲ ಇರಲೇಬೇಕು. ಅಕ್ಷರದ ಗಾತ್ರಕ್ಕೂ ನಿಯಮ ಇದೆ. ಬಹುಶಃ ಯಾರೋ ಅಧಿಕಾರಿ ಕೇಳಿದ್ದರಿಂದಲೇ ಅವರು ಲೇಬಲ್ ಮಾಡಿಸಿರಬೇಕು. ಪಾಪದ ಚೀಟಿ ಚಂದವಿತ್ತು ಎಂದು ಹಿಂದಕ್ಕೆ ಹೋಗಲಾಗದು.

ಅಕ್ಷರಮೋಹಿ:
ಹಿಂದಕ್ಕೆ ಹೋಗಬೇಕಿಲ್ಲ. ಆ ವಿವರಗಳೆಲ್ಲ ಹಿಂಬದಿಯಲ್ಲಿ ಕಪ್ಪು ಅಕ್ಷರದಲ್ಲಿ, ಬಿಳಿ ಹಿನ್ನೆಲೆಯಲ್ಲಿ ಇರಲಿ. ನಿಯಮ ಮುಂಬದಿಯಲ್ಲಿ ಕೇಳುವುದನ್ನು ಮುಂಬದಿಯಲ್ಲಿ ಇಡಲಿ. ಉಳಿದ ಜಾಗದಲ್ಲಿ ತಳಿಯ ಹೆಸರು, ಉಪ್ಪಿಗೆ ಹಾಕಿದ ತಿಂಗಳು. ಆ ಎರಡು ಸಾಲನ್ನು ಆ ಅಮ್ಮ ಈಗಲೂ ಕೈಯಲ್ಲಿ ಬರೆಯಬಹುದು, ಲೇಬಲಿನಲ್ಲಿ ಅದಕ್ಕೆ ಖಾಲಿ ಗೆರೆ ಬಿಟ್ಟರಾಯಿತು. ಯಾವ ಕಾನೂನೂ ಎಣ್ಣೆಯ ಚಿತ್ರ ಹಾಕಿ ಎಂದಿಲ್ಲ. ವಸ್ತುವನ್ನು ತಪ್ಪಾಗಿ ತೋರಿಸುವ ಚಿತ್ರ ಹಾಕಬಾರದು ಎಂದು ಬೇಕಾದರೆ ಹೇಳುತ್ತದೆ.

ಪರವಾನಗಿ:
ಹೌದು, ದಾರಿ ತಪ್ಪಿಸುವ ಲೇಬಲ್ ಇರಬಾರದು ಎಂಬುದು ನಿಯಮದಲ್ಲೇ ಇದೆ. ಚಿತ್ರ ಬದಲಿಸಿ ಎನ್ನಲು ಅದೇ ಒಳ್ಳೆಯ ನೆಪ. 'ಚೆನ್ನಾಗಿಲ್ಲ' ಎಂದರೆ ಅವರಿಗೆ ನೋವಾಗುತ್ತದೆ, 'ತೊಂದರೆ ಆಗಬಹುದು' ಎಂದರೆ ಕೇಳುತ್ತಾರೆ.

ಗಾಂಧಿಬಜಾರ್:
ಬದಲಾಯಿಸದೆಯೂ ಗೆದ್ದವರಿದ್ದಾರೆ. ವಿದ್ಯಾರ್ಥಿ ಭವನ 1943ರಿಂದ ಇದೆ. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳು, ಮಾಣಿಯ ಕೈಯಲ್ಲಿ ದೋಸೆ ತಟ್ಟೆಗಳ ಗೋಪುರ. ಅದು ಬಿಟ್ಟು ಬೇರೆ ಅಲಂಕಾರ ಯಾರಿಗೆ ಬೇಕು? ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆ ನೋಡಿ. ಆನೆಯ ತಲೆ, ಸಿಂಹದ ಮೈ ಇರುವ ಶರಭ, ಒಳಗೆ ಮೊಟ್ಟೆಯಾಕಾರದ ಸೋಪು. ಓದಲು ಬಾರದವರೂ ಅಂಗಡಿಯಲ್ಲಿ ಬೆರಳು ತೋರಿಸಿ ಕೇಳುತ್ತಾರೆ.

ಜೋಗದ ದಾರಿ:
ಒಂದು ಸರ್ಕಾರಿ ಕಾರ್ಖಾನೆ, ಇನ್ನೊಂದು ಗಾಂಧಿಬಜಾರಿನ ಹೋಟೆಲು. ಅವರ ಹೆಸರು ಆಗಲೇ ಊರೆಲ್ಲ ಹಬ್ಬಿದೆ. ರಸ್ತೆಬದಿಯ ಉಪ್ಪಿನಕಾಯಿ ಅಂಗಡಿಗೆ ಆ ಹೋಲಿಕೆ ಕೊಟ್ಟು ಏನು ಪ್ರಯೋಜನ?

ಗಾಂಧಿಬಜಾರ್:
ಹೆಸರು ಹಬ್ಬಿದ್ದು ಗುರುತನ್ನು ಕೈಬಿಡದೇ ಇದ್ದುದರಿಂದ ಕೂಡ ಅಲ್ಲವೇ?

ಜೋಗದ ದಾರಿ:
ದೋಸೆಯಿಂದ.

ನುಡಿ ಬಳಕೆದಾರ:
ಲೇಬಲಿನಲ್ಲಿ ಕನ್ನಡ ಸರಿಯಾಗಿ ಮೂಡಿದೆಯೇ? ನಮ್ಮ ಕಡೆಯ ಒಂದು ಜೇನಿನ ಬಾಟಲಿಯ ಮೇಲೆ ಒತ್ತಕ್ಷರಗಳೆಲ್ಲ ಒಡೆದು ಬಿದ್ದಿವೆ.

ವರದಾತೀರ:
ಸರಿಯಾಗಿ ನೆನಪಿಸಿದಿರಿ. 'ಉಪ್‌ಪಿನಕಾಯಿ' ಎಂದಿದೆ. ಪಕ್ಕದಲ್ಲೇ ಇಂಗ್ಲಿಷ್ ಹೆಸರು ಮಾತ್ರ ಅಚ್ಚುಕಟ್ಟಾಗಿದೆ.

ನುಡಿ ಬಳಕೆದಾರ:
ಅದೇ ರೋಗ. ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದು ಕಳುಹಿಸಿದ್ದನ್ನು ಅವರು ಫೋಟೊಶಾಪಿನಲ್ಲಿ ಅಂಟಿಸಿದ್ದಾರೆ. ಅದರಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು ಆನ್ ಮಾಡದಿದ್ದರೆ ಒತ್ತು ಕೆಳಗೆ ಇಳಿಯುವುದಿಲ್ಲ, ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಇನ್ನು ಕೆಲವರು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲೇ ಕೂತಿರುತ್ತಾರೆ. ಅಲ್ಲಿಂದ ಇಲ್ಲಿಗೆ ನೇರವಾಗಿ ನಕಲು ಮಾಡಿದರೆ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆಗಳು ಬರುತ್ತವೆ. ಒಂದು ಸಣ್ಣ ಆಯ್ಕೆ ಬದಲಿಸಿದರೆ ಆಗುವ ಕೆಲಸಕ್ಕೆ ಸಾವಿರಾರು ಲೇಬಲ್ ಹಾಳು. ಉಚಿತವಾಗಿ ಸಿಗುವ ಒಳ್ಳೆಯ ಫಾಂಟುಗಳು ಈಗ ಸಾಕಷ್ಟಿವೆ. ಬೋರ್ಡಿಗೆ ಬಾಲೂ ತಮ್ಮ, ಅನೇಕ್ ಕನ್ನಡ. ಸಣ್ಣ ಅಕ್ಷರದ ವಿವರಗಳಿಗೆ ನೋಟೊ ಸಾನ್ಸ್ ಕನ್ನಡ ಸಾಕು.

ಮುದ್ರಕ:
ಆ ಆಯ್ಕೆ ಎಲ್ಲಿದೆ ಎಂದು ಬಿಡಿಸಿ ಹೇಳುತ್ತೀರಾ? ನಮ್ಮ ಹುಡುಗರು ಒತ್ತುಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿಸುತ್ತಾರೆ. ವ್ಯಂಗ್ಯ ಮಾಡುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ನುಡಿ ಬಳಕೆದಾರ:
ಪ್ರಿಫರೆನ್ಸಸ್ ಒಳಗೆ ಟೈಪ್ ಎಂಬ ವಿಭಾಗ ನೋಡಿ. ನಿಮ್ಮ ಆವೃತ್ತಿ ಯಾವುದೆಂದು ಖಾಸಗಿ ಸಂದೇಶ ಕಳುಹಿಸಿ, ಚಿತ್ರಸಹಿತ ಬರೆಯುತ್ತೇನೆ.

ಹಳೇಪೇಟೆ:
ಕನ್ನಡ ಇಷ್ಟು ಕೆಟ್ಟದಾಗಿ ಮೂಡಿದರೂ ಕಾನೂನಿಗೆ ಸಾಕಲ್ಲ! 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಆ ಶೇ 60 ಓದಲು ಬರುವಂತಿರಬೇಕು ಎಂದು ಯಾರೂ ಹೇಳಲಿಲ್ಲ. ಬೆಂಗಳೂರಿನಲ್ಲಿ ದೊಡ್ಡ ಮಳಿಗೆಗಳು ಅಳತೆಗೆ ಸರಿಹೊಂದಲೆಂದು ಕನ್ನಡ ಹೆಸರನ್ನು ಎಳೆದು ಹಿಗ್ಗಿಸಿ ಮೇಲೆ ಅಂಟಿಸಿರುವುದನ್ನು ನೋಡಿದ್ದೇನೆ. ಕೆಳಗಿನ ಇಂಗ್ಲಿಷಿಗೆ ವಿನ್ಯಾಸಗಾರ, ಮೇಲಿನ ಕನ್ನಡಕ್ಕೆ ಅಳತೆಪಟ್ಟಿ.

ಅಕ್ಷರಮೋಹಿ:
ನೀವು ಮೊದಲು 'ಡಬ್ಬಿಯನ್ನು ಯಾರೂ ತಿನ್ನುವುದಿಲ್ಲ' ಎಂದವರಲ್ಲವೇ?

ಹಳೇಪೇಟೆ:
ಡಬ್ಬಿ ಬೇರೆ, ಕನ್ನಡ ಬೇರೆ.

ಸೊಸೆ ಮನೆ:
ಒಂದು ವಿಷಯ ಯಾರೂ ಎತ್ತಲಿಲ್ಲ. ಪ್ಲಾಸ್ಟಿಕ್ ಡಬ್ಬಿಗೆ ಬದಲಾಗಿದ್ದು ಬಸ್ಸಿನಲ್ಲಿ, ಕೊರಿಯರಿನಲ್ಲಿ ಗಾಜು ಒಡೆಯುತ್ತದೆ ಎಂದಿರಬಹುದು. ನಾನೂ ಸಣ್ಣದಾಗಿ ಹಪ್ಪಳ, ಸಂಡಿಗೆ ಮಾರುತ್ತೇನೆ. ಗಾಜಿನ ಭಾರ, ಒಡೆದ ನಷ್ಟ ಎಲ್ಲ ನಮ್ಮ ತಲೆಗೇ. ಆದರೆ ಡಬ್ಬಿ ಬಿಳಿ ಏಕಾಗಬೇಕು? ಪಾರದರ್ಶಕ ಪ್ಲಾಸ್ಟಿಕ್ ಕೂಡ ಸಿಗುತ್ತದೆ. ಒಳಗಿನ ಮಿಡಿ ತೊಟ್ಟು ಸಹಿತ ಕಂಡರೆ ಯಾವ ಚಿತ್ರವೂ ಬೇಕಾಗುವುದಿಲ್ಲ. ಕಿರಿದಾದ ಒಂದು ಪಟ್ಟಿ ಲೇಬಲ್ ಸುತ್ತಿದರೆ ಖರ್ಚೂ ಕಡಿಮೆ.

ಲೆಕ್ಕಿಗ:
ಈ ಎಳೆಯಲ್ಲಿ ಇದುವರೆಗೆ ಬಂದ ಅತ್ಯಂತ ಉಪಯುಕ್ತ ಮಾತು ಇದು.

ತುಂಗಾ ಸೇತುವೆ:
ಒಳಗಿನ ದೀಪದ ಬಗ್ಗೆಯೂ ಯಾರಾದರೂ ಹೇಳಿ. ಹಂಚಿನ ಮಾಡು, ಮರದ ಕಪಾಟು ಇರುವ ಅಂಗಡಿಗೆ ನೀಲಿ ಛಾಯೆಯ ಬಿಳಿ ಎಲ್‌ಇಡಿ ಪಟ್ಟಿ ಹಾಕುತ್ತಾರೆ. ಉಪ್ಪಿನಕಾಯಿಯ ಕೆಂಪು ಸತ್ತು ಬೂದಿಬಣ್ಣಕ್ಕೆ ತಿರುಗುತ್ತದೆ. ಅದೇ ಬೆಲೆಗೆ ಹಳದಿ ಛಾಯೆಯ ದೀಪ ಸಿಗುತ್ತದೆ. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದು ಬರೆದಿರುವುದನ್ನು ಕೇಳಿ ತೆಗೆದುಕೊಂಡರಾಯಿತು.

ಬಯಲುಸೀಮೆ:
ಕೊನೆಗೆ ಏನಾಯಿತು? ಮಾತನಾಡಿದಿರಾ?

ವರದಾತೀರ:
ಭಾನುವಾರ ಹೋಗಿದ್ದೆ. @ಪರವಾನಗಿ ಹೇಳಿದ ನೆಪವನ್ನೇ ಹಿಡಿದು, ಎಣ್ಣೆಯ ಚಿತ್ರದಿಂದ ತೊಂದರೆ ಬರಬಹುದು ಎಂದೆ. ಯಜಮಾನರು ನಕ್ಕು, 'ಚಿತ್ರ ನನಗೂ ಹಿಡಿಸಿಲ್ಲ, ಅಳಿಯ ಪ್ರೀತಿಯಿಂದ ಮಾಡಿಸಿಕೊಟ್ಟ, ಏನು ಹೇಳಲಿ?' ಎಂದರು. ಫ್ಲೆಕ್ಸಿನಲ್ಲಿ ತಮ್ಮ ಫೋಟೊ ಇರುವುದು ಮಾತ್ರ ಅವರಿಗೆ ತುಂಬಾ ಇಷ್ಟ, ಅದನ್ನು ತೆಗೆಯುವ ಮಾತೇ ಇಲ್ಲ. ಮುದ್ರಿಸಿದ ಲೇಬಲ್ ಮುಗಿಯುವವರೆಗೆ ಅದೇ ನಡೆಯುತ್ತದಂತೆ. ಮುಂದಿನ ಸಲ ಪಾರದರ್ಶಕ ಡಬ್ಬಿ ತರಿಸಿ ನೋಡುತ್ತಾರಂತೆ. ಚೀಟಿಯ ವಿಷಯ ಎತ್ತಿದಾಗ ಆ ಅಮ್ಮ, ತಮ್ಮ ಅಕ್ಷರ ಚೆನ್ನಾಗಿಲ್ಲವೆಂದೇ ಲೇಬಲ್ ಮಾಡಿಸಿದ್ದು ಎಂದು ತಿಳಿದಿದ್ದರು. ಆ ಚೀಟಿಗಾಗಿಯೇ ಕೊಳ್ಳುವವರಿದ್ದರು ಎಂದರೆ ನಂಬಲಿಲ್ಲ.

ಮುದ್ರಕ:
ಅಳಿಯನನ್ನು ನನ್ನ ಬಳಿ ಕಳುಹಿಸಿ. ಒತ್ತಕ್ಷರ ಈಗ ಸರಿಯಾಗಿ ಬರುತ್ತಿದೆ.

ಕುಂಚದ ಮಗಳು:
ಯಜಮಾನರ ಫೋಟೊ ಇರಲಿ ಬಿಡಿ. ಜಲಪಾತ ತೆಗೆದರೆ ಸಾಕು.

ಹೆಬ್ಬಲಸು:
ಎಲ್ಲ ಸರಿ, ಜೀರಿಗೆ ಮಿಡಿ ಈ ಸಲ ಬಂದಿದೆಯೇ?

ವರದಾತೀರ:
ಬಂದಿದೆ. ಡಬ್ಬಿ ನೋಡಿದರೆ ಯಾವುದು ಜೀರಿಗೆ, ಯಾವುದು ಅಪ್ಪೆ ಎಂದು ತಿಳಿಯುವುದಿಲ್ಲ, ಎಲ್ಲದಕ್ಕೂ ಅದೇ ಚಿತ್ರ. ಬಾಯಿಬಿಟ್ಟು ಕೇಳಿ ತೆಗೆದುಕೊಳ್ಳಿ.